ನಟ್ಟು ಬಿಚ್ಚುವ ಮುನ್ನ

"ಮಾವ, ಅಜ್ಜನ ಕಾರು ರೆಡಿ ಮಾಡಿಸಬೇಕು ಅಂತಿದ್ದೀನಿ. ಆಯುಧ ಪೂಜೆ ಹೊತ್ತಿಗೆ ಓಡಬೇಕು. ಎಷ್ಟಾಗಬಹುದು?"

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸೋದರಳಿಯ ಹೀಗೆ ಫೋನು ಮಾಡಿದ್ದು ಶ್ರಾವಣದ ಒಂದು ಭಾನುವಾರ. ಅಜ್ಜನ ಕಾರು ಅಂದರೆ ತೀರ್ಥಹಳ್ಳಿ ಹತ್ತಿರದ ಅವರ ತೋಟದ ಮನೆಯಲ್ಲಿ, ಕೊಟ್ಟಿಗೆಗೆ ಒತ್ತಿಕೊಂಡ ಶೆಡ್ಡಿನಲ್ಲಿ ನಿಂತಿರುವ 1984ರ ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಎಂದು ಆ ಮನೆಯಲ್ಲಿ ಯಾರೂ ಕರೆದದ್ದಿಲ್ಲ, ಎಲ್ಲರ ಬಾಯಲ್ಲೂ ಅದು ಫಿಯಾಟೇ. ಅಜ್ಜ ಹಾಸಿಗೆ ಹಿಡಿದ ಮೇಲೆ ನಿಂತದ್ದು, ಆಮೇಲೆ ಅಲುಗಿಲ್ಲ. ಬಾನೆಟ್ಟಿನ ಮೇಲೆ ಖಾಲಿ ಗೋಣಿಚೀಲ, ತಾರಸಿಯ ಮೇಲೆ ಅಡಿಕೆ ಹಾಳೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತು ಮರಿ ಮಾಡಿದ್ದೂ ಉಂಟು.

"ಎಷ್ಟಾಗಬಹುದು" ಎಂಬ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. "ಯಾರಿಗಾದರೂ ಬಿಚ್ಚೋಕೆ ಕೊಟ್ಟಿದ್ದೀಯಾ?" ಎಂದು ಕೇಳಿದೆ. ಇನ್ನೂ ಇಲ್ಲ ಎಂದ. ಅರ್ಧ ಗೆದ್ದಂತಾಯಿತು.

ಈ ಗಾಬರಿಗೆ ಕಾರಣವಿದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನೂ ಒಂದು ಹಳೆಯ ಫಿಯಾಟ್ ಕೊಂಡಿದ್ದೆ, 1967ರ ಡಿಲೈಟ್. ಓಡುತ್ತಿದ್ದ ಕಾರು. ಹೊಗೆ ಉಗುಳುತ್ತಿತ್ತು, ಬ್ರೇಕು ಹಿಡಿದರೆ ಎಡಕ್ಕೆ ಎಳೆಯುತ್ತಿತ್ತು, ಆದರೂ ಓಡುತ್ತಿತ್ತು. ಒಂದು ಗ್ಯಾರೇಜಿಗೆ ಬಿಟ್ಟು "ಪೂರ್ತಿ ಮಾಡಿಬಿಡಿ" ಎಂದೆ. ಎರಡೇ ದಿನದಲ್ಲಿ ಪೂರ್ತಿ ಬಿಚ್ಚಿದರು. ಎಂಜಿನ್ ಒಂದು ಮೂಲೆ, ಬಾಗಿಲುಗಳು ಗೋಡೆಗೆ, ಗಾಜು ಮಂಚದ ಕೆಳಗೆ, ನಟ್ಟು ಬೋಲ್ಟೆಲ್ಲ ಒಂದೇ ಡಬ್ಬ. ಏನು ವೇಗ ಎಂದು ಖುಷಿಪಟ್ಟೆ. ಆಮೇಲೆ ಟಿಂಕರ್ ಊರಿಗೆ ಹೋದವನು ಬರಲಿಲ್ಲ. ಮಾಲೀಕರು ಗ್ಯಾರೇಜನ್ನೇ ಬೇರೆ ಕಡೆಗೆ ಸಾಗಿಸಿದರು. ಸಾಗಿಸುವಾಗ ಗ್ರಿಲ್ ಎಲ್ಲಿ ಹೋಯಿತು, ಡೈನಮೋ ಎಲ್ಲಿ ಹೋಯಿತು ಯಾರಿಗೂ ಗೊತ್ತಿಲ್ಲ. ಮೂರನೆಯ ವರ್ಷ ಅದನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆ. ತಪ್ಪು ಗ್ಯಾರೇಜಿನದು ಎಂದು ಬಹಳ ಕಾಲ ಬೈದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಪೂರ್ತಿ ಎಂದರೆ ಏನು ಎಂದು ಅವರಿಗೂ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ತುಕ್ಕಿನಿಂದ ಸತ್ತ ಹಳೆ ಕಾರುಗಳಿಗಿಂತ ಸ್ಪ್ಯಾನರಿನಿಂದ ಸತ್ತ ಕಾರುಗಳೇ ಹೆಚ್ಚು ಎಂಬುದು ಅಂದಿನಿಂದ ನನ್ನ ಅಭಿಪ್ರಾಯ. ತುಕ್ಕು ಹಿಡಿದು ನಿಂತ ಕಾರು ಇನ್ನೂ ಕಾರೇ. ಬಿಚ್ಚಿ ನಿಲ್ಲಿಸಿದ್ದು ನಾಲ್ಕು ಗೋಣಿಚೀಲ ಸಾಮಾನು.

ಅಳಿಯನಿಗೆ ಮೊದಲು ಕೇಳಿದ್ದು, ಕಾರು ಯಾತಕ್ಕೆ ಎಂದು. ಹುಡುಗ ತಡಬಡಾಯಿಸಿದ. ಇದು ಕೇಳಿದಷ್ಟು ಸುಲಭದ ಪ್ರಶ್ನೆಯಲ್ಲ. ವಿಂಟೇಜ್ ರ‍್ಯಾಲಿಗಳಲ್ಲಿ ಸಾಲಾಗಿ ನಿಲ್ಲುವ ಕಾರುಗಳ ಹಾಗೆ ಒಂದೊಂದು ತಿರುಪೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವುದು ಒಂದು ಬಗೆ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ವರ್ಷಗಳು ಬೇಕು. ತಿಂಗಳಿಗೆರಡು ಸಲ ಓಡಿಸಲು, ಮಳೆಯಲ್ಲಿ ನೆನೆಯಲು, ಮಕ್ಕಳು ಕಾಲಿಟ್ಟು ಹತ್ತಲು ಬೇಕೆಂದರೆ ಅದು ಇನ್ನೊಂದು ಬಗೆ. ಬಣ್ಣ ಮಾಸಿದ್ದರೂ ಇರಲಿ, ಅಜ್ಜ ಬಿಟ್ಟ ಹಾಗೇ ಇರಬೇಕು, ಬ್ರೇಕು ಮತ್ತು ಎಂಜಿನ್ ಮಾತ್ರ ಸರಿಹೋಗಲಿ ಎನ್ನುವವರೂ ಇದ್ದಾರೆ. ಗುಟ್ಟಾಗಿ ಹೇಳುತ್ತೇನೆ, ನನ್ನ ಮನಸ್ಸು ಈ ಮೂರನೆಯವರ ಕಡೆಗೇ. ಮೂರರ ಖರ್ಚೂ ಬೇರೆ, ಕೆಲಸದವರೂ ಬೇರೆ. ಮೊದಲನೆಯದನ್ನು ಕನಸು ಕಂಡು, ಎರಡನೆಯದಕ್ಕೆ ಹಣ ಕೂಡಿಸಿ, ಮೂರನೆಯದಕ್ಕೂ ಸಾಲದಷ್ಟು ಸಮಯ ಕೊಡುವುದು ನಮ್ಮಲ್ಲಿ ಸಾಮಾನ್ಯ.

ಅವನು ಒಂದು ವಾರ ಬಿಟ್ಟು ಫೋನು ಮಾಡಿದ. "ಅಮ್ಮನ್ನ ಕೂರಿಸಿಕೊಂಡು ಆಗುಂಬೆ ತನಕ ಹೋಗಿ ಬರಬೇಕು ಮಾವ. ಅಷ್ಟೇ." ಅಷ್ಟು ಸಾಕು. ಅಮ್ಮ, ಆಗುಂಬೆ, ಹೋಗಿ ಬರುವುದು. ಈ ಮೂರು ಮಾತಿನಲ್ಲಿ ಬ್ರೇಕು ಎಷ್ಟು ಒಳ್ಳೆಯದಿರಬೇಕು, ಸೀಟು ಎಷ್ಟು ಮೆತ್ತಗಿರಬೇಕು, ಬಣ್ಣ ಎಷ್ಟರಮಟ್ಟಿಗೆ ಹೊಳೆದರೆ ಸಾಕು ಎಂಬುದೆಲ್ಲ ಬಂತು. ಆ ಸಾಲನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಲು ಹೇಳಿದೆ. ಮುಂದೆ ಯಾರಾದರೂ "ಅಲಾಯ್ ವೀಲ್ ಹಾಕಿಸಿ ಸಾರ್, ಲುಕ್ಕೇ ಬೇರೆ" ಎಂದಾಗ ಆ ಪುಟ ತೆಗೆದು ನೋಡಬೇಕು.

ಎರಡನೆಯ ಪ್ರಶ್ನೆ ಆರ್‌ಸಿ ಪುಸ್ತಕದ್ದು. ಮೂರು ದಿನ ಹುಡುಕಿದ ಮೇಲೆ ಅದು ಅಜ್ಜಿಯ ಟ್ರಂಕಿನಲ್ಲಿ, ಜಾತಕಗಳ ಕಟ್ಟಿನ ಜೊತೆ ಸಿಕ್ಕಿತು. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಪುಸ್ತಕದಲ್ಲಿ ಕೊನೆಯ ಮೊಹರು ಬಿದ್ದು ಎಷ್ಟೋ ಕಾಲವಾಗಿತ್ತು. ಕಾರು ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು, ಅಜ್ಜ ಇರಲಿಲ್ಲ. ಜೊತೆಗೆ, 1984ರಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಪುಸ್ತಕದಲ್ಲಿ ಹಾಗೇ ಕೂತಿತ್ತು. ಸಾಲ ತೀರಿಸಿದ್ದರು, ಪುಸ್ತಕದಿಂದ ತೆಗೆಸಿರಲಿಲ್ಲ. ಆ ಬ್ಯಾಂಕು ಈಗ ಆ ಹೆಸರಿನಲ್ಲಿ ಇಲ್ಲವೇ ಇಲ್ಲ. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದ ಮೇಲೆ ಕರಾವಳಿ, ಮಲೆನಾಡಿನ ಹಳೆ ಆರ್‌ಸಿ ಇಟ್ಟುಕೊಂಡವರಿಗೆ ಇದು ಹೊಸ ತಲೆನೋವು. ವಿಲೀನವಾದ ಬ್ಯಾಂಕಿನ ಶಾಖೆಗೆ ಹೋಗಿ ಬಾಕಿ ಇಲ್ಲವೆಂಬ ಪತ್ರ ತಂದು, ಫಾರಂ 35ರ ಮೂಲಕ ಹೆಸರು ತೆಗೆಸಬೇಕು. ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ನವೀಕರಣಕ್ಕೆ ಫಾರಂ 25. ಹಳೆಯ ಪುಸ್ತಕದ ವಿವರ ಆರ್‌ಟಿಒ ಕಂಪ್ಯೂಟರಿಗೆ ಏರಿರದಿದ್ದರೆ ಮೊದಲು ಅದನ್ನು ಏರಿಸಬೇಕು.

ಶುಲ್ಕದ ಲೆಕ್ಕವೂ ಈಗ ಹಿಂದಿನಂತಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇತ್ತು, ಅಂದಿನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ತಡವಾದ ತಿಂಗಳಿಗೆ 500ರಂತೆ ಹೆಚ್ಚುವರಿ ಶುಲ್ಕ ಬೇರೆ. ಇದರ ಮೇಲೆ ನಮ್ಮ ರಾಜ್ಯದ ಹಸಿರು ತೆರಿಗೆ, ವಿಮೆ, ಹೊಸ ನಂಬರ್ ಪ್ಲೇಟು. ಇವನ್ನೆಲ್ಲ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೂಡಿಸಿ ನೋಡಿ ಬಾ ಎಂದೆ. ಕಾಗದವೇ ಸರಿಹೋಗದ ಕಾರಿಗೆ ಎಂಜಿನ್ ಮಾಡಿಸಿದರೆ ಅದು ಅಂಗಳದಲ್ಲಿ ಸುತ್ತಲು ಮಾತ್ರ ಆದೀತು.

"ವಿಂಟೇಜ್ ಅಂತ ಮಾಡಿಸಿಬಿಟ್ಟರೆ?" ಎಂದು ಕೇಳಿದ. ಈ ಭ್ರಮೆ ಅನೇಕರಿಗಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ತುಂಬಿದ, ಚಾಸಿ, ಬಾಡಿ, ಎಂಜಿನ್ ಬದಲಾಗದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ 'ವಿಎ' ಅಕ್ಷರಗಳು. ಆದರೆ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆಗಿಳಿಸಬಹುದು. ಅಮ್ಮನ ಜೊತೆ ಆಗುಂಬೆಗೆ ಹೋಗುವುದು ಆ ಪಟ್ಟಿಯಲ್ಲಿಲ್ಲ. ಅವನ ಕಾರಿಗೆ 50 ತುಂಬುವುದೂ 2034ಕ್ಕೆ. ಆ ಬಾಗಿಲು ತೆರೆದಿರಲಿ ಅನ್ನುವುದಾದರೆ ಈಗ ಬೇರೆ ಎಂಜಿನ್ ಕೂರಿಸುವ ಯೋಚನೆ ಬಿಡಬೇಕು. ಹಾಗೆ ಕೂರಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆಯೂ ಬೇಕು. ಗ್ಯಾರೇಜಿನವರು ಇದನ್ನು ಹೇಳುವುದು ಅಪರೂಪ.

ಮುಂದಿನ ಶನಿವಾರ ಇಬ್ಬರೂ ತೀರ್ಥಹಳ್ಳಿಗೆ ಹೋದೆವು. ನನ್ನ ಚೀಲದಲ್ಲಿದ್ದದ್ದು ಒಂದು ಟಾರ್ಚು, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಬಟ್ಟೆಯ ತುಂಡು, ದೊಡ್ಡ ಸ್ಕ್ರೂಡ್ರೈವರ್, ಒಂದು ನೋಟ್‌ಬುಕ್. ಸ್ಪ್ಯಾನರ್ ಬೇಕೆಂದೇ ಒಯ್ಯಲಿಲ್ಲ.

ಫಿಯಾಟಿನ ಬಗ್ಗೆ ಗೊತ್ತಿರಬೇಕಾದ ಮುಖ್ಯ ಸಂಗತಿ ಎಂದರೆ ಅದಕ್ಕೆ ಜೀಪು, ಲಾರಿಗಳ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ತಗಡನ್ನೇ ಮಡಿಸಿ ಬೆಸೆದು ಮಾಡಿದ ಪೆಟ್ಟಿಗೆಯೇ ಅದರ ಬೆನ್ನೆಲುಬು. ಬಾಗಿಲಿನ ಕೆಳಗೆ ಕಾರಿನ ಉದ್ದಕ್ಕೂ ಒಂದು ಟೊಳ್ಳು ಪಟ್ಟಿ ಇರುತ್ತದೆ, ಮನೆಯ ಹೊಸ್ತಿಲಿದ್ದ ಹಾಗೆ. ಕಾರಿನ ಭಾರ ಹೊರುವುದರಲ್ಲಿ ಅದರ ಪಾಲು ದೊಡ್ಡದು. ನೀರು ನಿಲ್ಲುವುದೂ ಅಲ್ಲೇ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ, ಕೆಸರು ಕಟ್ಟಿ ಅವು ಮುಚ್ಚಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ನಾಲ್ಕು ತಿಂಗಳು ಬಾಗಿಲು ಮುಚ್ಚಿದ ಶೆಡ್ಡೂ ಬಯಲೂ ಒಂದೇ.

ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮಡ್‌ಗಾರ್ಡಿನ ಮೇಲೆ ಎಳೆದೆ. ಟಪ್ಪೆಂದು ಹಿಡಿಯಿತು. ಹೆಡ್‌ಲೈಟಿನ ಸುತ್ತ ಹಿಡಿಯಲಿಲ್ಲ, ಜಾರಿ ಬಿತ್ತು. ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಯಾವುದೋ ಕಾಲದಲ್ಲಿ ಗುದ್ದಿದ್ದನ್ನು ತಟ್ಟಿ ಸರಿಮಾಡುವ ಬದಲು ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ. "ಅಜ್ಜ ಕೊಪ್ಪದ ಹತ್ತಿರ ಎತ್ತಿನ ಗಾಡಿಗೆ ಹೊಡೆದಿದ್ದರಂತೆ" ಎಂದ ಹುಡುಗ. ಹಾಗೆ ಹತ್ತು ಕಡೆ ನೋಡಿ, ನೋಟ್‌ಬುಕ್ಕಿನಲ್ಲಿ ಕಾರಿನ ಚಿತ್ರ ಬರೆದು, ಪುಟ್ಟಿ ಇದ್ದಲ್ಲೆಲ್ಲ ಗೆರೆ ಎಳೆದೆವು.

ಆಮೇಲೆ ಹೊಸ್ತಿಲಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದೆ. ಬಲಗಡೆ ಟಣ್ ಟಣ್. ಎಡಗಡೆ ಹಿಂಬದಿಗೆ ಬರುತ್ತ ಸದ್ದು ಮಂಕಾಯಿತು, ಒದ್ದೆ ಮಡಕೆ ತಟ್ಟಿದ ಹಾಗೆ. ತುದಿಯಿಂದ ಸ್ವಲ್ಪ ಒತ್ತಿದೆ. ಸ್ಕ್ರೂಡ್ರೈವರ್ ಒಳಗೆ ಹೋಯಿತು, ಹಿಡಿಯ ತನಕ. ಹೊರಗೆ ಎಳೆದಾಗ ಕಾಫಿ ಪುಡಿಯಂಥ ತುಕ್ಕು ಸೊರಸೊರ ಸುರಿಯಿತು. ಅಳಿಯನ ಮುಖ ನೋಡಬೇಕಿತ್ತು. ಅವನು ಎಂಜಿನ್ ಬಗ್ಗೆ ತಲೆ ಕೆಡಿಸಿಕೊಂಡಿದ್ದ, ಕಾರಿನ ಕಾಯಿಲೆ ಇದ್ದದ್ದು ಇಲ್ಲಿ.

ಮ್ಯಾಟು ಎತ್ತಿ ನೋಡಿದರೆ ಡ್ರೈವರ್ ಕಾಲಿಡುವಲ್ಲಿ ಫ್ಲೋರಿನಲ್ಲಿ ಅಂಗೈಯಗಲದ ತೂತು, ಕೆಳಗಿನ ನೆಲದಲ್ಲಿ ಕೋಳಿ ಕೆದಕುತ್ತಿರುವುದು ಕಾಣುತ್ತಿತ್ತು. ಬ್ಯಾಟರಿ ಕೂರುವ ತಟ್ಟೆ ಆಸಿಡ್ ಬಿದ್ದು ಜರಡಿಯಾಗಿತ್ತು. ಸಮಾಧಾನದ ಸಂಗತಿ ಎಂದರೆ ಹಿಂದಿನ ಪ್ಲೇಟ್ ಸ್ಪ್ರಿಂಗು ಬಾಡಿಗೆ ಸೇರುವ ಜಾಗ ಗಟ್ಟಿಯಾಗಿತ್ತು. ಅದೂ ಹೋಗಿದ್ದರೆ ಬೇಡ ಬಿಡು ಎಂದೇ ಹೇಳುತ್ತಿದ್ದೆ.

ಕೊನೆಗೆ ಬಾಗಿಲುಗಳ ಸಂದು. ನಾಲ್ಕೂ ಬಾಗಿಲು ಮುಚ್ಚಿ, ಒಂದು ರೂಪಾಯಿಯ ನಾಣ್ಯಗಳನ್ನು ಸಂದಿನಲ್ಲಿ ತೂರಿಸಿ, ಎಲ್ಲಿ ಎಷ್ಟು ನಾಣ್ಯ ಹಿಡಿಯುತ್ತದೆ ಎಂದು ಬರೆದುಕೊಂಡೆವು. ಎಡಗಡೆ ಹಿಂದಿನ ಬಾಗಿಲಿನ ಮೇಲ್ಗಡೆ ಸಂದು ಕಿರಿದು, ಕೆಳಗೆ ಅಗಲ. ಹೊಸ್ತಿಲು ಸೋತು ಕಾರು ನಡುವೆ ಕುಸಿಯತೊಡಗಿದೆ ಎಂದು ಅದರ ಅರ್ಥ. ಟಿಂಕರ್ ಈ ಸ್ಥಿತಿಯಲ್ಲೇ ಹೊಸ ತಗಡು ಬೆಸೆದರೆ ಕುಸಿತವೂ ಅದರೊಂದಿಗೆ ಶಾಶ್ವತವಾಗಿ ಬೆಸೆದುಹೋಗುತ್ತದೆ. ಆಮೇಲೆ ಎಷ್ಟು ತಟ್ಟಿದರೂ ಬಾಗಿಲು ಸರಿಯಾಗಿ ಕೂರುವುದಿಲ್ಲ. ಕಾರನ್ನು ಸಮತಟ್ಟಾಗಿ ಆನಿಸಿ, ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಪಟ್ಟಿ ಅಡ್ಡಡ್ಡ ಬೆಸೆದು ಬಿಗಿಮಾಡಿ, ಒಂದು ಬದಿಯ ಹೊಸ್ತಿಲು ಮುಗಿದ ಮೇಲೆ ಇನ್ನೊಂದು ಬದಿ ಕತ್ತರಿಸಬೇಕು. ಎರಡೂ ಬದಿ ಒಟ್ಟಿಗೆ ಕತ್ತರಿಸಿದರೆ ಕಾರು ಬಾಳೆಕಾಯಿಯ ಹಾಗೆ ಬಾಗುತ್ತದೆ. ಗ್ಯಾಸ್ ವೆಲ್ಡಿಂಗ್ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ, ಸಿಒ2 ವೆಲ್ಡಿಂಗ್ ಇರುವ ಟಿಂಕರನ್ನೇ ಹುಡುಕಬೇಕು. ವೆಲ್ಡಿಂಗಿಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಬೇಕು ಎಂಬುದನ್ನು ಹೇಳಬೇಕಿಲ್ಲ ಅಂದುಕೊಂಡಿದ್ದೆ, ಹೇಳದೆ ಬಿಟ್ಟವರ ಕಥೆ ಕೇಳಿದ ಮೇಲೆ ಹೇಳುತ್ತಿದ್ದೇನೆ.

ಎಂಜಿನ್ ವಿಷಯ ಇದಕ್ಕೆ ಹೋಲಿಸಿದರೆ ಸಲೀಸು. 1,089 ಸಿಸಿಯ ಆ ಪುಟ್ಟ ಎಂಜಿನ್ನು ನಮ್ಮ ಯಾವ ಊರಿನ ಹಿರಿಯ ಮೇಸ್ತ್ರಿಗೂ ಬಾಯಿಪಾಠ. 68 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಎಲ್ಲ ಕೈಗೆಟಕುವಂತಿದೆ. ಬೋರು ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು, ಹೆಡ್ಡು ಫೇಸಿಂಗ್ ಮಾಡಿಸುವುದು ಲೇತ್ ಅಂಗಡಿಯ ನಿತ್ಯದ ಕೆಲಸ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಒತ್ತುವ ಆಸೆ ಮಾತ್ರ ತಡೆಯಬೇಕು. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಒಂದು ವಾರ ನೆನೆಯಲು ಬಿಟ್ಟು, ಟಾಪ್ ಗೇರಿಗೆ ಹಾಕಿ ಕಾರನ್ನು ಕೈಯಿಂದ ಹಿಂದೆ ಮುಂದೆ ಆಡಿಸಬೇಕು. ನಮ್ಮದು ಎರಡನೆಯ ವಾರ ಅಲ್ಲಾಡಿತು. ಅಂದರೆ ಪಿಸ್ಟನ್ ಹಿಡಿದುಕೊಂಡಿಲ್ಲ. ಅಷ್ಟು ಗೊತ್ತಾದರೆ ಸಾಕು, ಸದ್ಯಕ್ಕೆ ಅದರ ತಂಟೆಗೆ ಹೋಗಬೇಡ ಎಂದೆ.

ಅಲ್ಲಿ ಅವನಿಗೆ ಬೇಸರವಾಯಿತು. ಬಣ್ಣ ಆಗಲೇ ಆರಿಸಿ ಇಟ್ಟಿದ್ದ, ಫೋನಿನಲ್ಲಿ ತೋರಿಸಿದ, ಒಂದು ಬಗೆಯ ಕಡುಹಸಿರು. ಕೂಸು ಹುಟ್ಟುವ ಮುನ್ನ ಕುಲಾವಿ ಎನ್ನುವುದು ಇದಕ್ಕೇ. ಕಾರಿನ ಕೆಲಸಕ್ಕೆ ಒಂದು ಕ್ರಮವಿದೆ. ತಗಡು ಮೊದಲು, ಅದು ಮುಗಿಯದೆ ಯಾವುದೂ ಇಲ್ಲ. ಆಮೇಲೆ ಬ್ರೇಕು, ಸ್ಟೇರಿಂಗು, ಸಸ್ಪೆನ್ಷನ್. ಹಳೆಯ ಫಿಯಾಟುಗಳ ಬ್ರೇಕಿನಲ್ಲಿ ನಾಲ್ಕು ಚಕ್ರಕ್ಕೂ ಆಯಿಲ್ ಒಂದೇ ದಾರಿಯಲ್ಲಿ ಹೋಗುತ್ತದೆ, ಒಂದು ರಬ್ಬರ್ ವಾಷರ್ ಸೋರಿದರೆ ನಾಲ್ಕೂ ಬ್ರೇಕಿಲ್ಲ. ಹಾಗಾಗಿ ರಬ್ಬರು, ಪೈಪು ಒಂದನ್ನೂ ಉಳಿಸದೆ ಹೊಸದು ಹಾಕಬೇಕು. ಆಗುಂಬೆಗೆ ಹೋಗುವ ಕಾರಲ್ಲವೇ. ಅದಾದ ಮೇಲೆ ಎಂಜಿನ್, ಗೇರ್‌ಬಾಕ್ಸ್. ವೈರಿಂಗ್ ಪೂರ್ತಿ ಹೊಸದು, ಇಲಿ ಕಡಿದದ್ದಕ್ಕೆ ಟೇಪು ಸುತ್ತಿ ಮುಂದುವರಿಸುವುದು ಬೆಂಕಿಗೆ ಆಹ್ವಾನ. ಬಣ್ಣ ಇವೆಲ್ಲದರ ನಂತರ, ಬಣ್ಣದ ನಂತರ ಗಾಜು, ಬೀಡಿಂಗು, ಸೀಟು. ಬಣ್ಣ ಮೊದಲು ಹೊಡೆಸಿದವರ ಕಾರಿಗೆ ಎಂಜಿನ್ ಇಳಿಸುವಾಗ ಮಡ್‌ಗಾರ್ಡ್ ಗೀರುತ್ತದೆ. ಇನ್ನೊಂದು ಮಾತು, ಆರ್‌ಸಿಯಲ್ಲಿ ಬಿಳಿ ಎಂದಿರುವ ಕಾರಿಗೆ ಹಸಿರು ಬಳಿದರೆ ಆರ್‌ಸಿಯಲ್ಲೂ ಹಸಿರೆಂದು ಬರೆಸಬೇಕು.

ಬಿಚ್ಚುವ ದಿನ ಬಂದಾಗ ಏನು ಮಾಡಬೇಕೆಂಬುದನ್ನು ಬರೆದೇ ಕೊಟ್ಟೆ. ಒಂದೊಂದು ಭಾಗ ಕಳಚುವ ಮುನ್ನ, ಕಳಚಿದ ಮೇಲೆ ಫೋಟೋ. ಒಂದೊಂದರ ತಿರುಪಿಗೂ ಪ್ರತ್ಯೇಕ ಪ್ಲಾಸ್ಟಿಕ್ ಚೀಲ, ಒಳಗೆ ಚೀಟಿ. ಮುರಿದ ಕ್ಲಿಪ್ಪು, ಹರಿದ ರಬ್ಬರು ಎಸೆಯಬಾರದು, ಹೊಸದು ಹುಡುಕುವಾಗ ಅಳತೆಗೆ ಅದೇ ಆಧಾರ. ಬಿಚ್ಚಿದ ಕಾರಿಗೆ ಎರಡು ಕಾರಿನ ಜಾಗ ಬೇಕು. ಸೀಟು, ಗಾಜು, ಗ್ರಿಲ್, ಬಂಪರ್ ಎಲ್ಲ ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತಂದು ಅಟ್ಟದ ಮೇಲೆ ಇಡಬೇಕು. ಹಿಂದೆ ಹೇಳಿದ ನನ್ನ ಗ್ರಿಲ್ ನೆನಪಿದೆಯಲ್ಲ.

ಬಿಡಿಭಾಗಗಳ ಚಿಂತೆ ಬೇಡ. ಪ್ರೀಮಿಯರ್ ಕಂಪನಿ 1964ರಲ್ಲಿ ಫಿಯಾಟ್ 1100 ಡಿಲೈಟ್ ಎಂದು ಶುರುಮಾಡಿದ ಇದೇ ಮಾದರಿಯನ್ನು ಆಮೇಲೆ ಪ್ರೆಸಿಡೆಂಟ್ ಎಂದು, 1974ರಿಂದ ಪದ್ಮಿನಿ ಎಂದು ಕರೆದು, ದಶಕಗಳ ಕಾಲ ಹೆಚ್ಚು ಬದಲಾವಣೆ ಮಾಡದೆ ಮಾಡುತ್ತಲೇ ಹೋಯಿತು. ಅಂದು ನಾವು ಬೈದ ಆ ಸೋಮಾರಿತನ ಇಂದು ವರವಾಗಿದೆ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಇವು ಸಾವಿರಾರು ಸಂಖ್ಯೆಯಲ್ಲಿ ಓಡಿದವು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಿಂದ ರಸ್ತೆಯಿಂದ ಸರಿಯಿತು. ಅಷ್ಟೂ ಕಾಲ ಮಾರುಕಟ್ಟೆಯಲ್ಲಿ ಸಾಮಾನು ಹರಿದಾಡುತ್ತಲೇ ಇತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಒಂದು ದಿನ ಪುರುಸೊತ್ತಾಗಿ ತಿರುಗಿದರೆ ಬಹಳಷ್ಟು ಸಿಗುತ್ತದೆ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಎಲ್ಲ ಫಿಯಾಟಿನ ಸಾಮಾನೂ ಎಲ್ಲಕ್ಕೂ ಕೂರುವುದಿಲ್ಲ, ಹಿಂದಿನ 'ಡುಕ್ಕರ್' ಫಿಯಾಟಿನ ಮುಂದಿನ ಬಾಗಿಲು ತೆರೆಯುವ ದಿಕ್ಕೇ ಉಲ್ಟಾ.

ಸಾಮಾನಿನ ಪಟ್ಟಿ ಮಾಡುತ್ತ ಕೂತಾಗ ಅಳಿಯನಿಗೆ ಒಂದು ಕಥೆ ಹೇಳಿದೆ. ಈ ಕಾರಿಗೂ ನಮಗೂ ಹಳೆಯ ನಂಟಿದೆ. ದೇಶದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಬರೆದು ಓಡಾಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹಿರಾಚಂದ್. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಮಾತು ಬಹಳ ದೂರ ಹೋಗಿತ್ತು, ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ವಾಲ್‌ಚಂದ್ ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್‌ಎಎಲ್. ಕಾರಿನ ಕಂಪನಿ 1944ರಲ್ಲಿ ಮುಂಬೈಯಲ್ಲಿ ಹುಟ್ಟಿತು. ಇಲ್ಲದಿದ್ದರೆ ಫಿಯಾಟಿನ ಸಾಮಾನಿಗೆ ಇವತ್ತು ಮುಂಬೈನ ಕುರ್ಲಾಕ್ಕೆ ಫೋನು ಮಾಡುವ ಬದಲು ಬೆಂಗಳೂರಿನಲ್ಲೇ ಗೋಗರೆಯುತ್ತಿದ್ದೆವೇನೋ.

ಪೆಟ್ರೋಲಿನ ವಿಷಯ ಹಳೆ ಮೇಸ್ತ್ರಿಗಳಿಗೂ ಹೊಸದು. ಈಗ ಬಂಕಿನಲ್ಲಿ ಸಿಗುವುದು 20 ಪಾಲು ಎಥನಾಲ್ ಬೆರೆತ ಪೆಟ್ರೋಲು. ಆ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮು, ಕಾರ್ಬ್ಯುರೇಟರಿನ ಪ್ಯಾಕಿಂಗುಗಳನ್ನು ಎಥನಾಲ್ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಅದು ಗಾಳಿಯ ತೇವವನ್ನೂ ಹೀರುವುದರಿಂದ ನಿಂತ ಕಾರಿನ ಟ್ಯಾಂಕಿಗೆ ತುಕ್ಕು ಬೇಗ. ಎಥನಾಲ್ ತಾಳುವ ಪೈಪು ಹಾಕಿಸಬೇಕು, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲು ಇಳಿಸಬೇಕು. ಸೀಸವಿಲ್ಲದ ಪೆಟ್ರೋಲು ಬಂದ ಮೇಲೆ ವಾಲ್ವ್ ಸೀಟು ಸವೆಯುತ್ತದೆ ಎಂಬ ಭಯ ಹೆಚ್ಚಾಗಿ ಅಂಬಾಸಿಡರಿನಂಥ ಬೀಡಿನ ಹೆಡ್ಡಿನ ಎಂಜಿನ್ನಿಗೆ ಸಂಬಂಧಪಟ್ಟದ್ದು. ಫಿಯಾಟಿನದು ಅಲ್ಯುಮಿನಿಯಂ ಹೆಡ್ಡು, ಅದರ ವಾಲ್ವ್ ಸೀಟು ಬೇರೆ ಲೋಹದ್ದು.

ಇನ್ನು ಹಣ. ಮೇಸ್ತ್ರಿ ಹೇಳಿದ ಮೊತ್ತಕ್ಕೆ ಮೂರನೇ ಒಂದು ಪಾಲು ಕೂಡಿಸಿಟ್ಟುಕೋ ಎಂದೆ. ಪುಟ್ಟಿ ಕೆರೆದಾಗ ಕಾಣುವ ತೂತುಗಳ ಲೆಕ್ಕ ಯಾರ ಎಸ್ಟಿಮೇಟಿನಲ್ಲೂ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಕಾರು ಮಾರಿದರೆ ಹಾಕಿದ್ದು ಹುಟ್ಟುವುದಿಲ್ಲ, ಮೂಗಿಗಿಂತ ಮೂಗುತಿಯೇ ಭಾರ. ಲಾಭದ ಆಸೆಯಿದ್ದವರು ಚಿನ್ನ ಕೊಳ್ಳಲಿ. ಮುಂಗಡ ದೊಡ್ಡದಾಗಿ ಕೊಡಬಾರದು. ಹೊಸ್ತಿಲು ಮುಗಿದಾಗ ಇಷ್ಟು, ಪ್ರೈಮರ್ ಬಿದ್ದಾಗ ಇಷ್ಟು ಎಂದು ಹಂತಹಂತವಾಗಿ ಕೊಟ್ಟರೆ ಇಬ್ಬರಿಗೂ ಒಳ್ಳೆಯದು. ಪ್ರೈಮರ್ ಹೊಡೆಯುವ ಮುಂಚೆ ಬರಿ ತಗಡನ್ನು ಕಣ್ಣಾರೆ ನೋಡಬೇಕು, ನೋಡದೆ ಹಣ ಕೊಡಬಾರದು. ತಿಂಗಳಿಗೊಮ್ಮೆ ಹೋಗಿ ಗ್ಯಾರೇಜಿನಲ್ಲಿ ಕೂತು ಚಹಾ ಕುಡಿದು ಬರುವುದೂ ಯೋಜನೆಯ ಭಾಗವೇ. ಮಾಲೀಕ ಬಾರದ ಕಾರು ಗ್ಯಾರೇಜಿನಲ್ಲಿ ಹಿಂದೆ ಹಿಂದೆ ಸರಿದು ಕೊನೆಗೆ ಗೋಡೆಗೆ ತಾಗಿ ನಿಲ್ಲುತ್ತದೆ.

ಅಳಿಯ ಆಯುಧ ಪೂಜೆಯ ಮಾತು ಬಿಟ್ಟ. ಆ ವರ್ಷದ ಪೂಜೆಗೆ ಕಾರಿಗೆ ಶೆಡ್ಡಿನಲ್ಲೇ ನೀರು ಹಾಕಿ, ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟರು. ಅಜ್ಜಿ ಕುಂಬಳಕಾಯಿ ನಿವಾಳಿಸಿದರು. ಈಗ ಅದು ಶಿವಮೊಗ್ಗದ ಒಬ್ಬ ಟಿಂಕರ್ ಹತ್ತಿರ ಇದೆ. ಎಡ ಹೊಸ್ತಿಲು ಮುಗಿದಿದೆ, ಬಾಗಿಲ ಸಂದಿನಲ್ಲಿ ಮೇಲೂ ಕೆಳಗೂ ಅಷ್ಟೇ ನಾಣ್ಯ ಹಿಡಿಯುತ್ತಿವೆ. ಬ್ಯಾಂಕಿನ ಪತ್ರ ಸಿಕ್ಕಿದೆ, ಹೆಸರು ಬದಲಾವಣೆ ಆರ್‌ಟಿಒದಲ್ಲಿದೆ. ಎಂಜಿನ್ ಇನ್ನೂ ಬಿಚ್ಚಿಲ್ಲ.

ನಿಮ್ಮ ಮನೆಯ ಶೆಡ್ಡಿನಲ್ಲೂ ಇಂಥದ್ದೊಂದು ನಿಂತಿದ್ದರೆ, ಈ ಭಾನುವಾರ ಅದರ ಬಾನೆಟ್ ಎತ್ತಬೇಡಿ. ಆರ್‌ಸಿ ಪುಸ್ತಕ ಎಲ್ಲಿದೆ ಹುಡುಕಿ, ಯಾರ ಹೆಸರಿನಲ್ಲಿದೆ, ಎಲ್ಲಿಯ ತನಕ ಊರ್ಜಿತ, ಸಾಲದ ಮೊಹರು ಇದೆಯೇ ನೋಡಿ. ಆಮೇಲೆ ಒಂದು ಅಯಸ್ಕಾಂತ ತೆಗೆದುಕೊಳ್ಳಿ.